ಮೂರನೆಯ ಚರಣ ಹಾಡಿದ ಲಿಡಿಯಾ

ಲಿಡಿಯಾ ಸಾಲಿನ್ಸ್ ಅಬುಧಾಬಿಯ ನಮ್ಮ ಕನ್ನಡ ಸಭೆಗೆ ಮೊದಲ ಸಲ ಬಂದಾಗ ಆರಾಧನೆ ಅರ್ಧ ಮುಗಿದಿತ್ತು. ಎರಡು ಸಾವಿರದ ಹದಿನಾಲ್ಕನೇ ಇಸವಿ. ಆಗ ಇಲ್ಲಿ ವಾರದ ರಜೆ ಶುಕ್ರವಾರ. ನಮ್ಮ ಆರಾಧನೆಯೂ ಶುಕ್ರವಾರ ಸಂಜೆ ಐದೂವರೆಗೆ. ಒಂದೇ ಚರ್ಚಿನ ಆವರಣದಲ್ಲಿ ಮಲಯಾಳಿಗಳಿಗೆ, ತಮಿಳರಿಗೆ, ಫಿಲಿಪೀನ್ಸಿನವರಿಗೆ ಒಂದೊಂದು ಹಾಲ್, ಒಂದೊಂದು ಹೊತ್ತು. ನಮ್ಮದು ನಲವತ್ತು ಕುಟುಂಬಗಳ ಸಣ್ಣ ಸಭೆ, ನಮಗೆ ಸಿಕ್ಕಿದ್ದು ಮಹಡಿಯ ಮೇಲಿನ ಹಾಲ್.

ನಾನು ಗಾಯಕವೃಂದದಲ್ಲಿ ಹಾಡುವವಳು. ಆ ದಿನ ಗಂಟಲು ಕಟ್ಟಿದ್ದರಿಂದ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅವಳು ಬಂದು ನನ್ನ ಪಕ್ಕ ಕುಳಿತಳು. ಮೂವತ್ತೈದರ ಆಸುಪಾಸು. ಮೈಮೇಲೆ ಸಾದಾ ಚೂಡಿದಾರ, ಆದರೆ ಕಣ್ಣಿಗೆ ದಪ್ಪ ಕಾಡಿಗೆ, ಕೂದಲಿಂದ ಸ್ಪ್ರೇ ವಾಸನೆ. ಯಾರದೋ ಮದುವೆಯ ಊಟದಿಂದ ಎದ್ದು ಬಂದವಳು ಅಂದುಕೊಂಡೆ.

ಬಾಸೆಲ್ ಮಿಶನ್ನಿನ ಕಾಲದಿಂದ ನಮ್ಮ ಕರಾವಳಿಯ ಚರ್ಚುಗಳಲ್ಲಿ ಹಾಡನ್ನು ನಾಲ್ಕು ಧ್ವನಿಗಳಾಗಿ ಬಿಡಿಸಿ ಹಾಡುವ ರೂಢಿ. ಅವಳು ಪುಸ್ತಕ ತೆರೆಯದೆ ಎರಡನೆಯ ಧ್ವನಿಯನ್ನು ಹಿಡಿದುಕೊಂಡು ಹಾಡಿದಳು. ಜೋರಾಗಿ ಅಲ್ಲ. ಗೆರೆ ಎಳೆದ ಹಾಗೆ ನೇರ. ಮುಂದಿನ ವಾರಗಳಲ್ಲಿ ಅವಳ ಪಕ್ಕ ನಿಂತು ಹಾಡಿದರೆ ನನ್ನ ಧ್ವನಿಯೂ ತಾನಾಗಿ ಸರಿದಾರಿಗೆ ಬರುತ್ತಿತ್ತು.

ಹಾಡು ಮುಗಿದ ಮೇಲೆ ಕೇಳಿದೆ, "ಯಾರ ಪೈಕಿ ನೀನು?"

"ಮುಲ್ಕಿಯ ಎಬ್ನೇಜರ್ ಸಾಲಿನ್ಸರ ಮಗಳು ಅಕ್ಕ."

ಎಬ್ನೇಜರರ ಹೆಸರು ನಮ್ಮ ಕಡೆಯ ಹಳಬರಿಗೆ ಗೊತ್ತು. ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು, ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಮಗಳಿಗೆ ಏಳು ವರ್ಷ ಆಗುವಾಗಲೇ ನಾಲ್ಕೂ ಧ್ವನಿ ಬಾಯಿಪಾಠ ಮಾಡಿಸಿದ್ದರಂತೆ. ಹುಡುಗಿ ಎಲ್ಲಾದರೂ ಸ್ವರವನ್ನು ಸ್ವಲ್ಪ ಎಳೆದರೆ, ಸ್ವಲ್ಪ ನಡುಗಿಸಿದರೆ, ಹಾರ್ಮೋನಿಯಂ ನಿಲ್ಲಿಸಿಬಿಡುವರು. "ಇದು ನಿನ್ನ ಹಾಡಲ್ಲ, ಸಭೆಯ ಹಾಡು. ನಿನ್ನ ಬಣ್ಣ ಬಳೀಬೇಡ," ಅನ್ನುವರು. ಲಿಡಿಯಾ ಇದನ್ನು ನನಗೆ ಹೇಳುವಾಗ ನಗುತ್ತಿದ್ದಳು. ಅಪ್ಪನ ಮಾತು ಹೇಳುವಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು.

ಅವಳು ಮೊದಲು ಬಂದದ್ದು ದುಬೈಯ ನೈಫ್ ಪೇಟೆಯ ಒಂದು ಕಾರ್ಗೋ ಆಫೀಸಿಗೆ. ಊರಿಗೆ ಹೋಗುವ ರಟ್ಟಿನ ಪೆಟ್ಟಿಗೆಗಳ ಮೇಲೆ ಮಾರ್ಕರಿನಲ್ಲಿ ಹೆಸರು, ವಿಳಾಸ ಬರೆಯುವ ಕೆಲಸ. ಡಿಸೆಂಬರಿನಲ್ಲಿ ದುಬೈಯ ದೊಡ್ಡ ಹೋಟೆಲುಗಳು ಕ್ರಿಸ್ಮಸ್ ಮರಕ್ಕೆ ದೀಪ ಹಚ್ಚುವ ದಿನ ಚರ್ಚುಗಳ ಗಾಯಕವೃಂದಗಳನ್ನು ಕರೆಸುತ್ತವೆ. ಹಾಗೆ ಒಂದು ಹೋಟೆಲಿನ ಲಾಬಿಯಲ್ಲಿ ಹಾಡುವಾಗ ಅಲ್ಲಿನ ಪಿಯಾನೊ ವಾದಕ ರೊಮೆಲ್ ಅವಳ ಹಾಡು ಕೇಳಿದ. ಫಿಲಿಪೀನ್ಸಿನವನು, ಐವತ್ತು ದಾಟಿದವನು. ಹಾಡು ಮುಗಿದ ಮೇಲೆ ಹತ್ತಿರ ಬಂದು, ನೀನು ಹಾಡುವಾಗ ಅರ್ಧ ಧ್ವನಿಯನ್ನು ಒಳಗೇ ಇಟ್ಟುಕೊಳ್ಳುತ್ತೀ, ಆ ಅರ್ಧವನ್ನು ಎಲ್ಲಿಗೆ ಒಯ್ಯುತ್ತೀ ಎಂದು ಕೇಳಿದನಂತೆ.

ರೊಮೆಲ್ ಅವಳಿಗೆ ಸೋಲ್ ಸಂಗೀತ ಕೇಳಿಸಿದ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹುಟ್ಟಿ ಹೊರಗೆ ಬಂದ ಸಂಗೀತ ಅದು. ಚಪ್ಪಾಳೆ ಅದೇ, ಕೂಗಿ ಕರೆಯುವ ರೀತಿ ಅದೇ, ಕರೆಯುವುದು ಮಾತ್ರ ಬಿಟ್ಟು ಹೋದ ಪ್ರಿಯನನ್ನು. ಲಿಡಿಯಾಳಿಗೆ ಮೊದಲ ದಿನವೇ ಅದು ಪರದೇಶದ್ದು ಅನಿಸಲಿಲ್ಲ. ಅಪ್ಪ ಹಾರ್ಮೋನಿಯಂ ನಿಲ್ಲಿಸಿ ತಡೆಯುತ್ತಿದ್ದ ಜಾಗಗಳಲ್ಲೆಲ್ಲ ಈ ಹಾಡುಗಾರರು ಒಳಗೆ ನುಗ್ಗುತ್ತಿದ್ದರು. ರೊಮೆಲ್ ಕಲಿಸಿದ: ನೋವಿನ ಮಾತು ಬಂದಲ್ಲಿ ಧ್ವನಿ ಒಡೆಯಬೇಕು. ನಿಜವಾಗಿ ಒಡೆದರೆ ಒಳ್ಳೆಯದು. ಆದರೆ ವಾರಕ್ಕೆ ಆರು ದಿನ ನಿಜವಾಗಿ ಒಡೆಯುವುದಿಲ್ಲ, ಆದ್ದರಿಂದ ಒಡೆಯುವುದನ್ನು ಕಲಿತಿರಬೇಕು. ಗಂಟಲನ್ನು ಎಲ್ಲಿ ಬಿಗಿಹಿಡಿದು ಉಸಿರನ್ನು ಎಲ್ಲಿ ಬಿಡಬೇಕು ಎಂದು ಆರು ತಿಂಗಳು ತಿದ್ದಿದ.

ಅಷ್ಟರಲ್ಲಿ ಎಬ್ನೇಜರರು ತೀರಿಕೊಂಡರು. ಮಗಳು ಕಾರ್ಗೋ ಬಿಟ್ಟು ಹೋಟೆಲಿನ ಗಾಯಕಿಯಾದದ್ದು ಅವರಿಗೆ ತಿಳಿಯಲೇ ಇಲ್ಲ. ಮರುವರ್ಷ ಹೋಟೆಲಿನವರು ಅವಳನ್ನೂ ರೊಮೆಲ್‌ನನ್ನೂ ಅಬುಧಾಬಿಯ ಶಾಖೆಗೆ ಕಳಿಸಿದರು. ಶುಕ್ರವಾರ ಮಧ್ಯಾಹ್ನ ಅಲ್ಲಿ ಬ್ರಂಚ್ ಎಂಬ ದೊಡ್ಡ ಊಟ. ಒಂದರಿಂದ ನಾಲ್ಕರವರೆಗೆ ಹಾಡು. ಆಮೇಲೆ ಬಟ್ಟೆ ಬದಲಿಸಿ, ಟ್ಯಾಕ್ಸಿ ಹಿಡಿದು ಚರ್ಚಿಗೆ. ನಾನು ಮೊದಲ ದಿನ ಕಂಡ ಕಾಡಿಗೆ, ಸ್ಪ್ರೇ ವಾಸನೆ ಅಲ್ಲಿಯದು.

ಕೆಲವೇ ತಿಂಗಳಲ್ಲಿ ಅವಳು ನಮ್ಮ ಗಾಯಕವೃಂದದ ಜೀವವೇ ಆದಳು. ಹಬ್ಬಗಳಲ್ಲಿ ಒಂಟಿಯಾಗಿ ಹಾಡುವುದು ಅವಳೇ. ನಮ್ಮ ಮನೆಗೂ ಬಂದು ಹೋಗುವಳು. ಮದುವೆಯ ಮಾತು ಎತ್ತಿದರೆ, "ಶುಕ್ರವಾರ ಬಿಡುವಿಲ್ಲದವಳನ್ನು ಯಾರು ಕಟ್ಟಿಕೊಳ್ತಾರೆ ಅಕ್ಕ?" ಎಂದು ಮಾತು ಹಾರಿಸುವಳು. ಚರ್ಚಿನಲ್ಲಿ ಹಾಡುವಾಗ ಅವಳ ಧ್ವನಿ ಅಪ್ಪ ಕಲಿಸಿದ ಹಾಗೇ ನೇರವಾಗಿರುತ್ತಿತ್ತು. "ಎರಡು ಬೇರೆ ಕಪಾಟು. ಅದರ ಬಟ್ಟೆ ಇದಕ್ಕಿಲ್ಲ, ಇದರದ್ದು ಅದಕ್ಕಿಲ್ಲ," ಅನ್ನುತ್ತಿದ್ದಳು.

ನನ್ನ ಗಂಡ ಯುಜಿನ್ ಸಭೆಯ ಸೆಕ್ರೆಟರಿ. ಅಲ್ ಮೀನಾ ಬಂದರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಕೆಟ್ಟ ಮನುಷ್ಯರಲ್ಲ. ಆದರೆ ಸಭೆಯ ವಿಷಯ ಬಂದರೆ ಅಳತೆಪಟ್ಟಿ ಹಿಡಿದವರ ಹಾಗೆ. ಹದಿನೆಂಟನೇ ಇಸವಿಯ ಒಂದು ಶನಿವಾರ ಅವರು ಬಂದರಿನ ಮಾರುಕಟ್ಟೆಯಿಂದ ಅಂಜಲ್ ಮೀನು ತಂದು, ಲಿಡಿಯಾಳನ್ನು ಊಟಕ್ಕೆ ಕರೆಯಲು ಹೇಳಿದರು. ಊಟ ಆದ ಮೇಲೆ ಕೈ ಒರೆಸಿಕೊಳ್ಳುತ್ತಾ ಶುರುಮಾಡಿದರು.

"ಲಿಡಿಯಾ, ನಾನೀಗ ಸೆಕ್ರೆಟರಿಯಾಗಿ ಮಾತಾಡುದು. ಬೇಜಾರು ಮಾಡ್ಬೇಡ."

"ಹೇಳಿ ಯುಜಿನಣ್ಣ."

"ನೀನು ಹಾಡುವ ವೀಡಿಯೊ ಕಮಿಟಿಯವರ ಫೋನಿಗೆಲ್ಲ ಬಂದಿದೆ. ಹಿಂದೆ ಬಾಟ್ಲಿಗಳ ಸಾಲು ಕಾಣ್ತದೆ."

"ಬಾಟ್ಲಿ ನಾನಿಟ್ಟದ್ದಲ್ಲ ಅಲ್ವಾ?"

"ಅದು ಗೊತ್ತುಂಟು. ಆದ್ರೆ ಅದೆಂಥ ಹಾಡು ಮಾರಾಯ್ತಿ? ಸೋಲ್ ಅಂತೆ. ಹೆಸರಲ್ಲೇ ಸೋಲುಂಟು."

ಅವಳು ನಗಲಿಲ್ಲ. "ಸೋಲ್ ಅಂದ್ರೆ ಆತ್ಮ. ಚರ್ಚಿನಲ್ಲೇ ಹುಟ್ಟಿದ್ದು. ದೇವರ ಹೆಸರು ಇದ್ದಲ್ಲಿ ಪ್ರೀತಿ ಮಾಡಿದವನ ಹೆಸರು ಹಾಕಿದ್ರು, ಅಷ್ಟೆ."

"ಅದೇ ನಂಗೆ ಹೆದರಿಕೆ," ಅಂದರು ಯುಜಿನ್. "ದೇವರ ಹೆಸರು ತೆಗೆದು ಇನ್ನೊಂದು ಹಾಕ್ಲಿಕ್ಕೆ ಅಷ್ಟು ಸುಲಭ ಆದ್ರೆ, ಹಾಡುವವಳ ಮನಸ್ಸಲ್ಲಿ ಕಡೆಗೆ ಯಾವುದು ಉಳೀತದೆ?"

ಲಿಡಿಯಾ ತಟ್ಟೆಯಲ್ಲಿದ್ದ ಮೀನಿನ ಮುಳ್ಳುಗಳನ್ನು ಬದಿಗೆ ಸರಿಸಿದಳು. "ಈಗ ನಾನೆಂಥ ಮಾಡ್ಬೇಕು?"

"ಹೋಟೆಲು ಬಿಡುವವರೆಗೆ ಒಂಟಿ ಹಾಡು ಬೇಡ. ಎಲ್ಲರ ಜೊತೆ ನಿಂತು ಹಾಡು, ಯಾರೂ ಬೇಡ ಅನ್ನುದಿಲ್ಲ."

"ಹೋಟೆಲು ಬಿಟ್ರೆ ನನ್ನ ವೀಸಾ ಖಲಾಸ್." ಆಮೇಲೆ ತಲೆ ಎತ್ತಿ ಹೇಳಿದಳು, "ವೀಸಾ ನೆಪ ಯಾಕೆ ಹೇಳುದು? ನಂಗೆ ಆ ಹಾಡು ಇಷ್ಟ ಯುಜಿನಣ್ಣ. ಅದನ್ನು ಬಿಡುದಿಲ್ಲ."

ಅವಳು ಹೋದ ಮೇಲೆ ನಾನು ಗಂಡನ ಮೇಲೆ ರೇಗಿದೆ. ಅವರು, "ನಾಳೆ ಅವಳಿಗೆ ಒಳ್ಳೇದಾಗ್ಲಿ ಅಂತಲೇ ಹೇಳಿದ್ದು," ಎಂದು ಮಲಗಲು ಹೋದರು. ಲಿಡಿಯಾ ಸಭೆ ಬಿಡಲಿಲ್ಲ. ಮೂರು ವರ್ಷ ನನ್ನ ಪಕ್ಕದಲ್ಲೇ ನಿಂತು ಎಲ್ಲರ ಜೊತೆ ಹಾಡಿದಳು. ಯುಜಿನ್‌ಗೆ ಎಂದೂ ಎದುರು ಮಾತಾಡಲಿಲ್ಲ. ನಮ್ಮ ಮನೆಗೆ ಊಟಕ್ಕೆ ಮಾತ್ರ ಮತ್ತೆ ಬರಲಿಲ್ಲ.

ಇಪ್ಪತ್ತೊಂದನೇ ಇಸವಿಯ ನವೆಂಬರಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಯುಜಿನ್ ಆಫೀಸಿನ ಮೆಟ್ಟಿಲ ಮೇಲೆ ಕುಸಿದುಬಿದ್ದರು. ಆಸ್ಪತ್ರೆ ಮುಟ್ಟುವಾಗಲೇ ಎಲ್ಲ ಮುಗಿದಿತ್ತು. ಐವತ್ತಾರು ವರ್ಷ.

ಪರದೇಶದಲ್ಲಿ ಸತ್ತರೆ ಅಳಲಿಕ್ಕೂ ಪುರುಸೊತ್ತಿಲ್ಲ. ನಾನು ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವವಳು. ಎಷ್ಟೋ ಜನರ ಮರಣದ ಕಾಗದಗಳನ್ನು ನನ್ನ ಕೈಯಾರೆ ಕೊಟ್ಟಿದ್ದೇನೆ. ಆ ಮೂರು ದಿನ ನಾನೇ ಸಾಲಿನಲ್ಲಿ ನಿಂತೆ. ಪೊಲೀಸ್ ಪತ್ರ, ವೀಸಾ ರದ್ದು, ಎಂಬಸಿಯ ಮುದ್ರೆ, ಪೆಟ್ಟಿಗೆ, ವಿಮಾನದ ಕಾರ್ಗೋ. ಎಲ್ಲಿ ಸಹಿ ಹಾಕು ಅಂದರೆ ಅಲ್ಲಿ ಹಾಕಿದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಮಗಳು ಅಲಿಶಾ ನನ್ನನ್ನು ನೋಡಿ ಹೆದರಿ, "ಮಮ್ಮಾ, ಪ್ಲೀಸ್ ಕ್ರೈ," ಅನ್ನುತ್ತಿದ್ದಳು.

ಗುರುವಾರ ಹನ್ನೊಂದು ಗಂಟೆಗೆ ಶವಾಗಾರದಲ್ಲಿ ಅರ್ಧ ಗಂಟೆ ಪ್ರಾರ್ಥನೆಗೆ ಬಿಟ್ಟರು. ನಮ್ಮ ಹಿಂದೆ ಇನ್ನೊಂದು ಕುಟುಂಬ ಕಾಯುತ್ತಿತ್ತು. ಟ್ಯೂಬ್‌ಲೈಟಿನ ಬಿಳಿ ಕೋಣೆ, ಮಧ್ಯದಲ್ಲಿ ಪೆಟ್ಟಿಗೆ, ಸುತ್ತ ಮೂವತ್ತು ಜನ. ಪಾಸ್ಟರ್ ಓದಿ ಮುಗಿಸಿ, ಯಾರಾದರೂ ಒಂದು ಹಾಡು ಎತ್ತಿ ಎಂದರು. ಯಾರ ಬಾಯಿಂದಲೂ ಸ್ವರ ಹೊರಡಲಿಲ್ಲ. ಲಿಡಿಯಾ ಬಾಗಿಲ ಹತ್ತಿರ ನಿಂತಿದ್ದಳು.

"ಲಿಡಿಯಾ, ನೀನು ಹಾಡು," ಅಂದೆ.

ಅವಳು ಹತ್ತಿರ ಬಂದು ಪಿಸುಗುಟ್ಟಿದಳು, "ಅಕ್ಕ, ನಾನಾ? ಇವರು ಬೇಡ ಅಂದಿದ್ರು."

"ಈಗ ಅವರು ಏನೂ ಹೇಳುದಿಲ್ಲ. ನಾನು ಹೇಳ್ತಾ ಇದ್ದೇನೆ. ಹಾಡು."

ಅವಳು ಸಂಜೆಯ ಪ್ರಾರ್ಥನೆಯ ಹಾಡು ಎತ್ತಿಕೊಂಡಳು. ಹೊತ್ತು ಮುಳುಗಿತು, ದಾರಿ ಕಾಣದು, ಜೊತೆಗಿರು ಎಂದು ಬೇಡುವ ಹಳೆಯ ಹಾಡು. ಮೊದಲೆರಡು ಚರಣ ಎಂದಿನ ಹಾಗೆ ಹಾಡಿದಳು. ಮೂರನೆಯ ಚರಣದಲ್ಲಿ, ಕೈ ಬಿಡಬೇಡ ಎನ್ನುವಲ್ಲಿ, ಅವಳ ಧ್ವನಿ ಒಡೆಯಿತು. ಒಡೆದು, ಒಂದು ಕ್ಷಣ ನಿಂತು, ಮತ್ತೆ ಮೇಲೆದ್ದಿತು. ಕೋಣೆಯಲ್ಲಿದ್ದ ಗಂಡಸರೂ ಬಿಕ್ಕಿಬಿಕ್ಕಿ ಅತ್ತರು. ಹೊರಗೆ ಕಾಯುತ್ತಿದ್ದ ಭಾಷೆ ಅರಿಯದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನೊಳಗೆ ಮೂರು ದಿನದಿಂದ ಗಟ್ಟಿಯಾಗಿ ಕುಳಿತದ್ದು ಕಟ್ಟೆ ಒಡೆದ ಹಾಗೆ ಹೊರಬಂತು. ಪೆಟ್ಟಿಗೆಯ ಅಂಚು ಹಿಡಿದು ಅತ್ತೆ. ಅವರು ಸತ್ತಿದ್ದಾರೆ ಎಂದು ನನಗೆ ಅರ್ಥವಾದದ್ದು ಆಗಲೇ.

ಅಲಿಶಾ ಅದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಳು.

ಉಡುಪಿಯಲ್ಲಿ ಮಣ್ಣು ಮಾಡಿ ನಾನು ವಾಪಸು ಬರುವಾಗ ಇಲ್ಲಿ ರಜೆಯೇ ಬದಲಾಗಿತ್ತು. ಆರಾಧನೆ ಭಾನುವಾರಕ್ಕೆ ಹೋಗಿತ್ತು. ಅಲಿಶಾ ಓದಲು ಕೆನಡಾಕ್ಕೆ ಹೋದಳು. ಕೆಲಸದಿಂದ ಬಂದು, ಚಹಾ ಇಟ್ಟು, ನಾನು ದಿನವೂ ಆ ಹಾಡು ಕೇಳುತ್ತಿದ್ದೆ. ಮೂರನೆಯ ಚರಣ ಬಂದಾಗ ಅಳುವೆ, ಆಮೇಲೆ ಎದ್ದು ಅಡುಗೆ ಮಾಡುವೆ. ಆ ವರ್ಷ ನನ್ನನ್ನು ನಡೆಸಿದ್ದು ಅದೇ. ವೀಡಿಯೊ ಸಭೆಯ ಗ್ರೂಪಿನಿಂದ ಊರಿನ ಗ್ರೂಪುಗಳಿಗೆ ಹೋಯಿತು. ಶಾರ್ಜಾದಿಂದ, ಅಲ್ ಐನಿಂದ ಜನ ಸಾವಿನ ಪ್ರಾರ್ಥನೆಗೆ ಅವಳನ್ನು ಕರೆಯತೊಡಗಿದರು. ಒಂದೆರಡಕ್ಕೆ ಹೋದಳು, ಆಮೇಲೆ ಒಲ್ಲೆನೆಂದಳು. ಕಮಿಟಿಯವರು ತಾವಾಗಿಯೇ ಹಳೆಯ ನಿರ್ಬಂಧ ತೆಗೆದು, ಶುಭ ಶುಕ್ರವಾರಕ್ಕೆ ಒಂಟಿ ಹಾಡು ಹಾಡಲು ಕೇಳಿದರು. ಅದಕ್ಕೂ ಒಲ್ಲೆ ಅಂದಳು. ಕೊನೆಗೆ ನನ್ನನ್ನು ಕಳಿಸಿದರು.

ಒಂದು ಮಧ್ಯಾಹ್ನ ಕಡಲ ದಂಡೆಯ ಕಾರ್ನಿಶ್ ರಸ್ತೆಯ ಹತ್ತಿರದ ಸಣ್ಣ ಕೆಫೆಟೇರಿಯಾದಲ್ಲಿ ಕುಳಿತೆವು. ಹೊರಗೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಅವಳು ಸೊರಗಿದ್ದಳು.

"ಯಾಕೆ ಹಾಡುದಿಲ್ಲ ನೀನು? ಜನ ಎಷ್ಟು ಆಸೆಪಡ್ತಾರೆ. ನಾನೇ ದಿನಾ ಕೇಳ್ತೇನೆ ಆ ವೀಡಿಯೊ."

"ದಿನಾನಾ?" ಅವಳ ಮುಖ ಬಿಳಿಚಿತು. "ಅಕ್ಕ, ಅದನ್ನು ಡಿಲೀಟ್ ಮಾಡಿ."

"ಎಂಥ ಮಾತಾಡ್ತಿ?"

ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಮೂರನೇ ಚರಣದಲ್ಲಿ ಧ್ವನಿ ಒಡೀತಲ್ಲ, ಅದು ದುಃಖ ಅಲ್ಲ ಅಕ್ಕ. ಹೋಟೆಲಲ್ಲಿ ಕೊನೆಯ ಹಾಡಿಗೆ ನಾನು ಮಾಡುದು ಅದು. ರೊಮೆಲ್ ಕಲಿಸಿದ್ದು. ಅದೇ ಜಾಗ, ಅದೇ ಉಸಿರು."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಯುಜಿನ್ ಹೋದದ್ದು ನಿಂಗೆ ದುಃಖ ಆಗ್ಲಿಲ್ವಾ?"

"ಆಯ್ತು. ಸುದ್ದಿ ಕೇಳಿ ರೂಮಿನಲ್ಲಿ ಅತ್ತೆ. ಆದ್ರೆ ಅಲ್ಲಿ ಹಾಡ್ಲಿಕ್ಕೆ ನಿಂತಾಗ ಏನೂ ಇರ್ಲಿಲ್ಲ. ಎರಡನೇ ಚರಣದಲ್ಲಿ ಯಾರೂ ಅಳ್ತಾ ಇಲ್ಲ ಅಂತ ನೋಡಿದೆ. ಮೂರನೇದರಲ್ಲಿ ಬೇಕಂತಲೇ ಒಡೆದೆ. ಒಳಗೆ ಒಂದೇ ಮಾತು ಇದ್ದದ್ದು. ಈಗ ಕೇಳಿ ಯುಜಿನಣ್ಣ, ಈಗ ಬೇಡ ಅನ್ನಿ ನೋಡುವ, ಅಂತ." ಅವಳು ತಲೆ ತಗ್ಗಿಸಿದಳು. "ನೀವೆಲ್ಲ ಅತ್ತಾಗ ನಂಗೆ ಖುಷಿ ಆಯ್ತು ಅಕ್ಕ. ಗೆದ್ದ ಹಾಗೆ."

ಪಕ್ಕದ ಮೇಜಿನಲ್ಲಿ ಯಾರೋ ಪರೋಟ ತರಿಸಿಕೊಳ್ಳುತ್ತಿದ್ದರು. ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ.

"ಯಾಕೆ ಹೇಳಿದಿ ನಂಗೆ ಇದನ್ನು?" ಅಂದೆ. "ಹೇಳದೆ ಇರ್ಲಿಕ್ಕೆ ಆಗ್ಲಿಲ್ವಾ ನಿಂಗೆ? ನಂಗೆ ಇದ್ದದ್ದು ಅದೊಂದೇ."

"ಪ್ರತಿ ವಾರ ನೀವು ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳ್ತೀರಿ. ನಂಗೆ ಆಗುದಿಲ್ಲ ಅಕ್ಕ."

"ಹಾಗಾದ್ರೆ ನಿನ್ನ ಭಾರ ಇಳಿಸ್ಲಿಕ್ಕೆ ನನ್ನ ತಲೆ ಮೇಲೆ ಹಾಕಿದಿ." ನಾನು ಎದ್ದು ಬಂದುಬಿಟ್ಟೆ.

ಆ ದಿನ ಮನೆಗೆ ಬಂದು ವೀಡಿಯೊ ಹಾಕಿದೆ. ಮೂರನೆಯ ಚರಣ ಹತ್ತಿರ ಬಂದ ಹಾಗೆ ನಾನು ಅಳಲಿಲ್ಲ, ಕಾದೆ. ಬಾಗಿಲ ಹಿಂದೆ ಯಾರೋ ನಿಂತಿದ್ದಾರೆಂದು ಗೊತ್ತಿರುವವರು ಕಾಯುವ ಹಾಗೆ. ಧ್ವನಿ ಒಡೆಯಿತು. ಬಹಳ ಚೆನ್ನಾಗಿ ಒಡೆಯಿತು. ಅಷ್ಟೆ. ಮತ್ತೊಮ್ಮೆ ಹಾಕಿ ನೋಡಿದೆ. ಆಮೇಲೆ ಫೋನನ್ನು ಮುಖ ಕೆಳಗೆ ಮಾಡಿ ಇಟ್ಟೆ. ಅಳಿಸಿಹಾಕಲಿಲ್ಲ. ಮತ್ತೆ ಕೇಳಲೂ ಇಲ್ಲ.

ಅವಳು ಸಭೆಗೆ ಬರುವುದನ್ನು ನಿಲ್ಲಿಸಿದಳು. ಯಾಕೆಂದು ಎಲ್ಲರೂ ನನ್ನನ್ನು ಕೇಳಿದರು. ಗೊತ್ತಿಲ್ಲ ಅಂದೆ. ಅಂದಿನಿಂದ ನಾವು ಒಂದು ಮೆಸೇಜೂ ಕಳಿಸಿಕೊಳ್ಳಲಿಲ್ಲ. ಸಿಟ್ಟು ಒಂದು ಕಡೆ. ಇನ್ನೊಂದು ಕಡೆ, ಅವಳನ್ನು ಅಲ್ಲಿ ಹಾಡಲು ನಿಲ್ಲಿಸಿದ್ದು ನಾನೇ ಎಂಬುದು ತಲೆಯಿಂದ ಹೋಗುತ್ತಿರಲಿಲ್ಲ. ಮೂರು ವರ್ಷ ಬಾಯಿ ಮುಚ್ಚಿಸಿದವರ ಪೆಟ್ಟಿಗೆಯ ಮುಂದೆ, ಒಂದು ಮಾತು ಯೋಚಿಸದೆ, ಹಾಡು ಎಂದು ಅಪ್ಪಣೆ ಮಾಡಿದ್ದೆ. ಬೇರೆ ಯಾರಾದರೂ ಆಗಿದ್ದರೆ ಬಾಗಿಲಿನಿಂದಲೇ ಹೊರಟುಹೋಗುತ್ತಿದ್ದರು.

ಇಪ್ಪತ್ಮೂರರ ಬೇಸಿಗೆಯಲ್ಲಿ ಸುದ್ದಿ ಬಂತು, ಹೋಟೆಲಿನವರು ಅವಳ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ ಎಂದು. ಪಿಯಾನೊ ತೆಗೆದು, ಲ್ಯಾಪ್‌ಟಾಪಿನ ಸಂಗೀತಕ್ಕೆ ಹಾಡುವ ಎಳೆಯ ಜೋಡಿಯನ್ನು ತಂದಿದ್ದರು. ರೊಮೆಲ್ ತನ್ನ ಊರಿಗೆ ಹೋದ. ಲಿಡಿಯಾ ದುಬೈಗೆ ಮರಳಿ, ಮಿರ್ದಿಫ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆಗಿದ್ದಳು. ಬೇರೆ ಹೋಟೆಲುಗಳಿಗೆ ಹಾಡುವ ಕೆಲಸ ಕೇಳಿಕೊಂಡು ಹೋಗಲೇ ಇಲ್ಲವಂತೆ.

ಕಳೆದ ವರ್ಷ ಒಂದು ಭಾನುವಾರ, ಅವರಿವರಲ್ಲಿ ವಿಳಾಸ ಕೇಳಿಕೊಂಡು, ನಾನು ಬಸ್ಸು ಹಿಡಿದು ಹೋದೆ. ಅವಳು ಮೆಹರುನ್ನಿಸ ಎಂಬ ಸುರತ್ಕಲ್ಲಿನ ಹೆಂಗಸಿನ ಜೊತೆ ಒಂದು ಕೋಣೆ ಹಂಚಿಕೊಂಡಿದ್ದಳು. ಬಾಗಿಲು ತೆರೆದು ನನ್ನನ್ನು ಕಂಡು, ಕೈಯಲ್ಲಿದ್ದ ಚೀಲ ತೆಗೆದುಕೊಂಡು ಒಳಗೆ ಕರೆದಳು. ಕೂದಲಿನಲ್ಲಿ ಬಿಳಿ ಬಂದಿತ್ತು, ಬಣ್ಣ ಹಚ್ಚಿರಲಿಲ್ಲ. ಕೋಣೆಯಲ್ಲಿ ರೇಡಿಯೋ ಇಲ್ಲ, ಸ್ಪೀಕರ್ ಇಲ್ಲ. ನೀರುದೋಸೆ ಮಾಡಿ ಬಡಿಸಿದಳು. ಕ್ಲಿನಿಕ್ಕಿನ ಡಾಕ್ಟರ ಬಗ್ಗೆ, ಹಲ್ಲು ಕೀಳಿಸಿಕೊಳ್ಳಲು ಹೆದರುವ ಮಕ್ಕಳ ಬಗ್ಗೆ ಮಾತಾಡಿದೆವು.

"ಅವತ್ತು ನಾನೇ ತಪ್ಪು ಮಾಡಿದ್ದು," ಅಂದೆ ಕೊನೆಗೆ. "ನಿನ್ನ ಹತ್ರ ಹಾಡಿಸಬಾರದಿತ್ತು."

"ಬಿಡಿ ಅಕ್ಕ. ಹಾಡಿದ್ದು ನಾನು."

"ಆದ್ರೆ ನಾನು ಅತ್ತದ್ದು ಸುಳ್ಳಲ್ಲ ಲಿಡಿಯಾ."

"ನೀವು ಅತ್ತದ್ದು ನಿಜ," ಅಂದಳು. "ಅದಕ್ಕೇ ನಂಗೆ ಹೆಚ್ಚು ಸಂಕಟ."

ಸಂಜೆ ಇಬ್ಬರೂ ದುಬೈಯ ಕನ್ನಡ ಆರಾಧನೆಗೆ ಹೋದೆವು. ಅವಳು ಪ್ರತಿ ವಾರ ಹೋಗುತ್ತಾಳಂತೆ. ಅಲ್ಲಿ ಅವಳು ಹಾಡುವವಳೆಂದು ಯಾರಿಗೂ ಗೊತ್ತಿಲ್ಲ. ಹಾಡುಗಳು ಬಂದಾಗ ಎದ್ದು ನಿಂತಳು, ಕೈ ಜೋಡಿಸಿದಳು, ತುಟಿ ಅಲುಗಿಸಲಿಲ್ಲ. ನಾಲ್ಕು ಹಾಡುಗಳೂ ಹಾಗೇ ಮುಗಿದವು.

ಹೊರಗೆ ಬಂದ ಮೇಲೆ ಕೇಳಿದೆ, "ಮನೆಯಲ್ಲಾದ್ರೂ ಹಾಡ್ತೀಯಾ?"

"ಇಲ್ಲ. ಪ್ರಾರ್ಥನೆ ಮಾಡ್ತೇನೆ, ಬಾಯಿ ಬಿಡದೆ. ಧ್ವನಿ ಬಂದ್ರೆ ಅದು ಹೇಗೆ ಕೇಳ್ತದೆ ಅಂತ ನೋಡ್ಲಿಕ್ಕೆ ಶುರು ಮಾಡ್ತೇನೆ. ಆಮೇಲೆ ಪ್ರಾರ್ಥನೆ ಆಗುದಿಲ್ಲ."

"ಮುಂದೆ ಯಾವಾಗಾದ್ರೂ?"

"ಗೊತ್ತಿಲ್ಲ ಅಕ್ಕ. ಕೇಳ್ಬೇಡಿ," ಅಂದಳು.

ಅಲ್ ಘುಬೈಬಾ ಬಸ್ ನಿಲ್ದಾಣದವರೆಗೆ ಬಂದು ನನ್ನನ್ನು ಅಬುಧಾಬಿಯ ಸಾಲಿನಲ್ಲಿ ನಿಲ್ಲಿಸಿದಳು. ಸಾಲು ಉದ್ದವಿತ್ತು. ನೀರಿನ ಬಾಟಲಿ ಕೊಂಡು ತಂದು ನನ್ನ ಚೀಲದಲ್ಲಿ ಇಟ್ಟಳು. ಮರುದಿನ ಬೆಳಿಗ್ಗೆ ಎಂಟಕ್ಕೆ ಕ್ಲಿನಿಕ್ಕಿನ ಬಾಗಿಲು ಅವಳೇ ತೆರೆಯಬೇಕು, ಆದ್ದರಿಂದ ನೀನು ಹೊರಡು ಅಂದೆ. ಹೊರಡಲಿಲ್ಲ. ನಾನು ಬಸ್ಸು ಹತ್ತಿ ಕುಳಿತ ಮೇಲೆ ಕಿಟಕಿಯ ಹೊರಗಿನಿಂದ ಕೈ ಬೀಸಿ, ಮೆಟ್ರೋ ಇರುವ ಕಡೆಗೆ ನಡೆದುಹೋದಳು.